ಕೋಳ ಹಾಕದೆ ಕರೆದೊಯ್ದವರು

ಮೊನ್ನೆ ತಿಪಟೂರಿನಲ್ಲಿ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಕರಟದ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಯಾರದೋ ಖಾಕಿ ಅಂಗಿಯ ಮೇಲೆ ಹರಿಯಿತು. ಎದ್ದ ಬಿಸಿ ಹಬೆಯ ವಾಸನೆಗೆ ನಮ್ಮ ಎದುರುಮನೆಯ ಎಸ್‌ಐ ನೆನಪಾದರು...

ಆಗ ನಾವು ಕಿಬ್ಬನಹಳ್ಳಿಯಲ್ಲಿದ್ದೆವು. ಅವರು ಎದುರಿಗೇ ಬಾಡಿಗೆಗಿದ್ದರು. ಹೆಂಡತಿ ತವರಿಗೆ ಹೋದಾಗಲೆಲ್ಲ ಊಟ ನಮ್ಮಲ್ಲೇ. ಅಮ್ಮನನ್ನು ಬಾಯಿ ತುಂಬ ಅಕ್ಕಾ ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಜಗಳಕ್ಕೆ ನನ್ನಣ್ಣ ಪಕ್ಕದ ತೋಟದವನಿಗೆ ಗುದ್ದಲಿಯಿಂದ ಹೊಡೆದುಬಿಟ್ಟ. ಅವನು ತಲೆ ಒಡೆದು ಆಸ್ಪತ್ರೆ ಸೇರಿದ. ಮಾರನೆಯ ಬೆಳಿಗ್ಗೆ ಎಸ್‌ಐ ರಸ್ತೆ ದಾಟಿ ಬಂದರು, ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು.

"ನಮ್ ಮನೇಲಿ ಉಂಡ ನೀವೇ ಬಂದ್ರಾ?" ಅಮ್ಮ ಕೂಗಿದಳು.

"ನಾನೇ ಬಂದದ್ದು ಒಳ್ಳೇದು ಅನ್ಕೊಳ್ಳಿ ಅಕ್ಕಾ," ಎಂದರು. ಯಾರ ದೂರು, ಯಾವ ಅಪರಾಧ, ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಅಣ್ಣನಿಗೆ ಬಿಡಿಸಿ ಹೇಳಿದರು. ದಸ್ತಗಿರಿಯ ಕಾಗದವನ್ನು ಅಪ್ಪನಿಗೆ ಓದಿಸಿ ಸಹಿ ಹಾಕಿಸಿಕೊಂಡರು. "ವಕೀಲರನ್ನ ಕರ್ಕೊಂಡು ಠಾಣೆಗೆ ಬನ್ನಿ. ನಾಳೆ ಇಷ್ಟೊತ್ತಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀವಿ."

ಬೀದಿಗಿಳಿಯುವಷ್ಟರಲ್ಲಿ ಪೆಟ್ಟು ತಿಂದವನ ಕಡೆಯವರು ಸೇರಿದ್ದರು. "ಕೋಳ ಹಾಕಿ ಸಾರ್! ಸರ್ಕಲ್‌ವರ್ಗೂ ನಡ್ಸಿ, ಊರೆಲ್ಲ ನೋಡ್ಲಿ!"

"ಓಡೋಗೋನಲ್ಲ, ತಿರುಗಿ ಬೀಳ್ತಿಲ್ಲ. ಕೋಳ ಯಾಕೆ? ಶಿಕ್ಷೆ ಕೋರ್ಟು ಕೊಡುತ್ತೆ ಕಣ್ರಪ್ಪ, ಬೀದಿ ಅಲ್ಲ," ಎಂದರು ಎಸ್‌ಐ.

ಕಲ್ಲೊಂದು ತೂರಿ ಬಂತು. ಅವರು ಅಣ್ಣನನ್ನು ಹಿಂದಕ್ಕೆಳೆದು ಅಡ್ಡ ನಿಂತರು. ಅವರ ಹುಬ್ಬು ಸೀಳಿ ರಕ್ತ ಸುರಿಯಿತು. ಆಸ್ಪತ್ರೆಯಲ್ಲೂ ಡಾಕ್ಟರಿಗೆ, "ಮೊದ್ಲು ಇವ್ನ ಮೈ ಪರೀಕ್ಷೆ ಮಾಡಿ ಬರ್ಕೊಡಿ, ನಂದು ಆಮೇಲೆ," ಎಂದರಂತೆ.

ಅಣ್ಣನಿಗೆ ಶಿಕ್ಷೆಯಾಯಿತು. ಕೋರ್ಟಿನಲ್ಲಿ ಅವರೂ ಸಾಕ್ಷಿ ಹೇಳಿದ್ದರು. ಅಮ್ಮ ಅವರೊಂದಿಗೆ ಮಾತು ಬಿಟ್ಟಳು. ವರ್ಗವಾಗಿ ಹೊರಡುವ ದಿನ ಅವರು ನಮ್ಮ ಜಗುಲಿಯವರೆಗೆ ಬಂದು "ಬತ್ತೀನಕ್ಕಾ" ಎಂದರು. ಅಮ್ಮ ಎದ್ದು ಒಳಗೆ ಹೋದಳು. ಅವರು ರಸ್ತೆ ದಾಟಿ ಹೊರಟುಹೋದರು...

ಜೈಲಿನಿಂದ ಬಂದ ಮೇಲೆ ಒಂದು ಮಧ್ಯಾಹ್ನ ಅಣ್ಣ ತಾನಾಗಿಯೇ ಹೇಳಿದ: "ಒಳಗಿದ್ದೋರೆಲ್ಲ ಹಿಡಿದ ದಿನ ತಿಂದ ಏಟಿನ ಕತೇನೇ ಹೇಳೋರು ಕಣಮ್ಮ. ನಂಗೆ ಹೇಳೋಕೆ ಏನೂ ಇರ್ಲಿಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಎಸ್‌ಐ ಈಗ ಎಲ್ಲಿದ್ದಾರೆಂದು ವಿಚಾರಿಸಲು ನನಗೆ ಹೇಳಿದಳು. ವಿಚಾರಿಸಿದಾಗ ಗೊತ್ತಾಯಿತು, ನಿವೃತ್ತರಾಗಿ ದಂಡಿನಶಿವರ ಸೇರಿದವರು ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಟೀವಿಯಲ್ಲಿ ಪೊಲೀಸರು ಯಾರನ್ನಾದರೂ ದರದರನೆ ಎಳೆದೊಯ್ಯುವುದು ಕಂಡರೆ ಅಮ್ಮ ಈಗಲೂ ಎದ್ದು ಆರಿಸುತ್ತಾಳೆ. "ಆ ಮನುಷ್ಯಂಗೆ ಒಂದು ಮಾತು ಹೇಳ್ಬೇಕಿತ್ತು ಕಣೇ," ಎನ್ನುತ್ತಾಳೆ. ಏನೆಂದು ನಾನು ಕೇಳುವುದಿಲ್ಲ. ಕೇಳಿಸಿಕೊಳ್ಳಬೇಕಾದವರೇ ಇಲ್ಲ.