ನಾನು ಹೊಗಳದ ಕಂದು ನಾಯಿ

ಜಾತಿನಾಯಿ ಸಾಕಿದವರ ಜೊತೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅವರು ನಾಯಿಯ ಮುತ್ತಜ್ಜನ ಕಥೆ ಹೇಳುತ್ತಾರೆಯೇ ಹೊರತು ನಾಯಿ ಏನು ಕೆಲಸ ಮಾಡುತ್ತದೆ ಅಂತ ಹೇಳುವುದಿಲ್ಲ. ಮುಧೋಳದ ಆಸುಪಾಸಿನಲ್ಲಿ ಹುಟ್ಟಿದವನು ಹೀಗೆ ಮಾತಾಡಬಾರದು, ಗೊತ್ತು. ನಮ್ಮ ಕಡೆಯ ಬೇಟೆನಾಯಿಗೆ ದೇಶದಲ್ಲೆಲ್ಲ ಹೆಸರಿದೆ. ಸಪೂರ ಕಾಲು, ಒಳಗೆ ಸೇದಿದ ಹೊಟ್ಟೆ, ಉದ್ದ ಮೂತಿ, ಓಡಿದರೆ ನೋಡುತ್ತಲೇ ಇರಬೇಕು. ಆದರೆ ನನ್ನ ಬಾಲ್ಯವನ್ನೆಲ್ಲ ತುಂಬಿಕೊಂಡದ್ದು ಅಂಥ ನಾಯಿಯಲ್ಲ. ಅದರ ಅಪ್ಪ ಮಾತ್ರ ಅಸಲಿ. ತಾಯಿ ಹಿಟ್ಟಿನ ಗಿರಣಿಯ ಮುಂದೆ ಬಿದ್ದುಕೊಂಡಿರುತ್ತಿದ್ದ ಬೀದಿನಾಯಿ.

ಮೊಲದ ಬೇಟೆಗೆ ಕಾನೂನಿನ ಅಡ್ಡಿ ಇದೆ ಅಂತ ಊರಿಗೆಲ್ಲ ಗೊತ್ತಿತ್ತು. ಜೋಳ ಕೊಯ್ದು ಹೊಲ ಖಾಲಿಯಾದಾಗ ಮಾತ್ರ ಎಲ್ಲರಿಗೂ ಮರೆತುಹೋಗುತ್ತಿತ್ತು. ಅಸಲಿ ನಾಯಿಗಳು ಮೊಲ ಕಣ್ಣಿಗೆ ಬಿದ್ದರೆ ಗಾಳಿಯ ಹಾಗೆ ಹೋಗುತ್ತಿದ್ದವು. ಮೊಲ ಮುಳ್ಳುಕಂಟಿಯೊಳಗೆ ನುಗ್ಗಿತೋ, ಮುಗಿಯಿತು. ನಿಂತು ಆಕಾಶ ನೋಡುತ್ತಿದ್ದವು. ನಮ್ಮ ಗಿರಣಿ ನಾಯಿ ಹಿಂದಿನಿಂದ ಬಂದು, ಮೂಗು ನೆಲಕ್ಕೆ ಹಚ್ಚಿ, ಕಂಟಿಯ ಆಚೆ ಬದಿಗೆ ಹೋಗಿ ಕಾಯುತ್ತಿತ್ತು. ಕರೆದರೆ ಬರುತ್ತಿತ್ತು, ಹಳಸಿದ ರೊಟ್ಟಿ ಹಾಕಿದರೂ ತಿನ್ನುತ್ತಿತ್ತು. ಯಾರೂ ಕಲಿಸದೆಯೇ ಮನೆ ಕಾಯುತ್ತಿತ್ತು. ಅದನ್ನು ಸಾಕಿದ ನನ್ನ ಕಾಕಾ ಮಾತ್ರ ಬಂದವರ ಮುಂದೆಲ್ಲ ಅದಕ್ಕೆ ಬೈಯುತ್ತಿದ್ದ. "ಅದೇನ್ ನಾಯಿ ಬಿಡ್ರಿ, ಕತ್ತೆ ಇದ್ದಂಗ ಐತಿ!"

ಇದೇ ನಮ್ಮ ಕಡೆಯ ರೀತಿ. ಒಳ್ಳೆಯ ನಾಯಿಯನ್ನು, ಒಳ್ಳೆಯ ಎತ್ತನ್ನು, ತುಂಬಿದ ತೊಟ್ಟಿಲನ್ನು ಬಾಯಿತುಂಬ ಹೊಗಳುವ ಹಾಗಿಲ್ಲ, ದೃಷ್ಟಿ ತಾಗುತ್ತದೆ. ಬೇರೆಯವರ ಮನೆಯ ನಾಯಿಯ ಮೇಲೆ ಮನಸ್ಸಾದರೂ ಅಷ್ಟೇ, ಕೊಡು ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಅದರ ಕಾಲು ಸೊಟ್ಟ, ಕಣ್ಣು ಮೆಳ್ಳೆ ಎಂದು ಹೋದಾಗಲೆಲ್ಲ ಹೆಸರಿಡುವುದು. ಸಾಕಿದವನು ಒಳಗೊಳಗೇ ನಗುತ್ತಾನೆ. ಎಷ್ಟು ಹೆಚ್ಚು ಹೆಸರಿಟ್ಟರೆ ಅಷ್ಟು ಮನಸ್ಸು ಅದರ ಮೇಲಿದೆ ಅಂತ ಅವನಿಗೆ ತಿಳಿದಿರುತ್ತದೆ. ಒಂದು ದಿನ ಅವನೇ, "ಅಷ್ಟ ಕೆಟ್ಟ ಇದ್ರ ನೀನ ತಗೊಂಡ ಹೋಗಪಾ, ನಮಗೂ ಸಾಕಾಗೇತಿ" ಅನ್ನುತ್ತಾನೆ. ಅಲ್ಲಿಗೆ ನಾಯಿ ನಿಮ್ಮದು. ಗಿರಣಿಯವನಿಂದ ಕಾಕಾ ಆ ಮರಿಯನ್ನು ಪಡೆದದ್ದೂ ಹೀಗೆಯೇ.

ಈಗ ನಾನಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾದ ಹಿಂಭಾಗವನ್ನು ಬಾಡಿಗೆಗೆ ಹಿಡಿದು. ಹೆಂಡತಿ, ಮಗಳು, ಆಫೀಸು, ಎಸಿಯ ಗುರ್ ಎನ್ನುವ ಸದ್ದು. ಯಾವುದಕ್ಕೂ ಕೊರತೆಯಿಲ್ಲ. ಆದರೂ ಬೆಳಿಗ್ಗೆ ಬಾಗಿಲು ತೆಗೆದಾಗ ಕಾಲಿಗೆ ಒಂದು ಒದ್ದೆ ಮೂಗು ತಾಗಬೇಕು ಅನ್ನಿಸುತ್ತದೆ. ಇಷ್ಟು ವರ್ಷವಾದರೂ ಅನ್ನಿಸುತ್ತದೆ. ಊರಿನ ನೆನಪು ಕೆಲವರಿಗೆ ಊಟದಲ್ಲಿ ಬರುತ್ತದಂತೆ, ಕೆಲವರಿಗೆ ಹಬ್ಬದಲ್ಲಿ. ನನಗೆ ಬರುವುದು ಆ ಬಾಗಿಲಲ್ಲಿ.

ಇದನ್ನೆಲ್ಲ ಬಲ್ಲವನು ಒಬ್ಬ ಸ್ನೇಹಿತ, ಭಟ್ಕಳದವನು. ಮನೆ ದುಬೈಯ ಮಿರ್ದಿಫ್‌ನಲ್ಲಿ, ಅಂಗಡಿಯೂ ಅದೇ ಊರಿನಲ್ಲಿ. ಮರುಭೂಮಿಯ ತೋಟಗಳಿಗೆ ಟಾರ್ಪಾಲು, ಪಶು ಆಹಾರ ಒದಗಿಸುವ ವ್ಯಾಪಾರ. ಒಂದು ಚಳಿಗಾಲದಲ್ಲಿ ಅವನು ಫೋನ್ ಮಾಡಿ, "ಎಂತ ಮಾರಾಯ, ನಾಯಿ ನಾಯಿ ಅಂತ ಸಾಯ್ತಿ ಅಲ್ವಾ, ಶನಿವಾರ ಬಾ, ನಾಯಿ ತೋರಿಸ್ತೇನೆ" ಎಂದ. ಅಲ್ ಐನ್ ದಾರಿಯಲ್ಲಿ ಹೋಗಿ ಬಲಕ್ಕೆ ಮರಳಿನೊಳಗೆ ತಿರುಗಿದರೆ ಒಬ್ಬ ಅರಬ್ ಮುದುಕನ ತೋಟ. ಒಂಟೆ, ಕುರಿ, ಖರ್ಜೂರದ ಮರ, ಬೇಲಿಯ ಪಕ್ಕದಲ್ಲಿ ನೆರಳು ಮಾಡಿ ಕಟ್ಟಿದ ನಾಯಿಗಳು. ಸೈನ್ಯದಿಂದ ನಿವೃತ್ತನಾದ ಮುದುಕ. ಎಲ್ಲರೂ ಬಾಬಾ ಅನ್ನುತ್ತಿದ್ದರು, ನಾನೂ ಅಂದೆ.

ಆ ಮುದುಕನಿಗೂ ನನ್ನದೇ ರೋಗ. ಹುಡುಗನಾಗಿದ್ದಾಗ ಅಪ್ಪನ ಜೊತೆ ಮೊಲ, ಜಿಂಕೆ ಬೇಟೆಯಾಡಿದವನು. ಈಗ ಅಲ್ಲಿಯೂ ಬೇಟೆ ನಿಷಿದ್ಧ. ಹುಲ್ಲು ತುಂಬಿದ ಜಿಂಕೆಯ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಪಿಕಪ್ ಗಾಡಿಯ ಹಿಂದೆ ಎಳೆಯುತ್ತಾರೆ, ನಾಯಿಗಳು ಅದರ ಹಿಂದೆ ಓಡುತ್ತವೆ. ಅವನ ಮಕ್ಕಳಿಗೆ ಓಟದ ಪಂದ್ಯ ಗೆಲ್ಲುವ ನಾಯಿ ಸಾಕು. ಬಾಬಾನಿಗೆ ಬೇಟೆಯ ನಾಯಿ ಬೇಕು. ಬೇಟೆಯೇ ಇಲ್ಲದ ಕಾಲದಲ್ಲಿ ಯಾವ ನಾಯಿ ಒಳ್ಳೆಯ ಬೇಟೆಗಾರ ಅಂತ ನಾವು ಶನಿವಾರ ಶನಿವಾರ ಕೂತು ವಾದ ಮಾಡಿದೆವು. ಅಡುಗೆ ಮಾಡದೆ ಬರೀ ಉಪ್ಪುಖಾರದ ಚರ್ಚೆ ಮಾಡಿದಂತೆ. ಆದರೂ ವಾರವಿಡೀ ನಾನು ಕಾಯುತ್ತಿದ್ದದ್ದು ಅದಕ್ಕೇ.

ಅಲ್ಲಿ ಮೂರು ಬಗೆ ಇದ್ದವು. ಒಂದು ಅಸಲಿ ಸಲೂಕಿ, ಅರಬರ ಹಳೆಯ ಬೇಟೆನಾಯಿ. ಬಿಳಿ ಮೈ, ಕಿವಿಯಲ್ಲಿ ರೇಷ್ಮೆಯಂಥ ಕೂದಲು. ಇನ್ನೊಂದು ಸಲೂಕಿಗೂ ಗ್ರೇಹೌಂಡಿಗೂ ಹುಟ್ಟಿದ ಬೂದು ಗಂಡು, ಬಾಬಾನ ಮಕ್ಕಳ ಮುದ್ದು. ಮೂರನೆಯದು ಕಂದು ಹೆಣ್ಣು. ತಾಯಿ ಸಲೂಕಿ, ಅಪ್ಪ ಕುರಿ ಕಾಯುವವರ ಜೊತೆ ಬಂದ ಯಾವುದೋ ನಾಡುನಾಯಿ. ಒಂದು ಕಿವಿ ಮೇಲೆ, ಒಂದು ಕೆಳಗೆ. ಮೂತಿ ಕಪ್ಪು. ಅದು ಎದ್ದು ಮೈ ಮುರಿದು ನನ್ನತ್ತ ನೋಡಿದ್ದೇ ತಡ, ನಾನು ಕೂತಲ್ಲಿಂದ ಎದ್ದು ನಿಂತೆ. ಸಾಕ್ಷಾತ್ ಗಿರಣಿ ನಾಯಿ!

ಆ ಮೊದಲ ಶನಿವಾರವೇ ಮೂರನ್ನೂ ಒಟ್ಟಿಗೆ ಬಿಟ್ಟರು. ಬೂದು ನಾಯಿ ಪಿಕಪ್ ಗೇರು ಬದಲಿಸುವ ಮೊದಲೇ ಚರ್ಮಕ್ಕೆ ಬಾಯಿ ಹಾಕಿತು. ಹಾಕಿ, ಕೊಡವಿ, ಬಿಟ್ಟು, ಅಲ್ಲಿಯೇ ಕೂತು ಏದುಸಿರು ಬಿಟ್ಟಿತು. ಗರಸು ನೆಲಕ್ಕೆ ಅದರ ಬೆರಳುಗಳ ನಡುವೆ ರಕ್ತ. ಸಲೂಕಿಗೆ ದಣಿವೆಂಬುದೇ ಇಲ್ಲ, ದಿಬ್ಬದಾಚೆ ಇನ್ನಾವುದೋ ಗಾಡಿ ಕಂಡು ಅದರ ಹಿಂದೆ ಹೋಯಿತು. ಕರೆದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ನಾವು ಚಹಾ ಕುಡಿದು ಮುಗಿಸಿದ ಮೇಲೆ ನವಾಬನ ಹಾಗೆ ನಡೆದು ಬಂತು. ಕಂದು ನಾಯಿ ಎಲ್ಲರಿಗಿಂತ ಹಿಂದೆ ಇತ್ತು. ಪಿಕಪ್ ತಿರುಗುವ ಕಡೆ ನೋಡಿಕೊಂಡು, ನೇರ ಅಡ್ಡಹಾಯ್ದು, ತಿರುವಿನಲ್ಲಿ ಚರ್ಮಕ್ಕೆ ಎದುರಾಯಿತು! ಆಮೇಲೆ ಮೂಗು ನೆಲಕ್ಕೆ ಹಚ್ಚಿ ಮರಳಿನಲ್ಲಿ ಸುತ್ತು ಹೊಡೆದು, ಬಾಬಾ ಎಲ್ಲೋ ಬೀಳಿಸಿಕೊಂಡಿದ್ದ ಕೋಲನ್ನು ಕಚ್ಚಿ ತಂದು ಅವನ ಕಾಲ ಬಳಿ ಇಟ್ಟಿತು. ಕಣ್ಣು, ಮೂಗು, ಬುದ್ಧಿ, ಮಾತು ಕೇಳುವ ಗುಣ. ಇನ್ನೇನು ಬೇಕು ಒಂದು ನಾಯಿಗೆ? ನನಗೆ ಅದನ್ನು ಎತ್ತಿಕೊಂಡು ಅಪ್ಪಿಕೊಳ್ಳಬೇಕು ಅನ್ನಿಸಿತು.

ಬಾಬಾ ನನ್ನ ಕಡೆ ತಿರುಗಿ ಕೇಳಿದ, ಯಾವುದು ಒಳ್ಳೆಯದು ಅಂತ. ನನ್ನ ಅರಬ್ಬಿ ತರಕಾರಿ ಅಂಗಡಿಯ ಮಟ್ಟದ್ದು. ಸ್ನೇಹಿತನೇ ನಡುವೆ ಕೂತು ಅನುವಾದ ಮಾಡಬೇಕು. ಅವನೋ ವ್ಯಾಪಾರಿ, ಬೇರೆಯವರ ಮಾತಿಗೆ ಸಕ್ಕರೆ ಬೆರೆಸದೆ ದಾಟಿಸಿದವನಲ್ಲ. ಅದಕ್ಕೇ ನಾನು ಮೊದಲೇ ತಾಕೀತು ಮಾಡಿದೆ.

"ನೋಡಪಾ, ನಾ ಹೇಳಿದ್ದನ್ನ ಹೇಳಿದಂಗ ಹೇಳಬೇಕು. ನಿನ್ನ ಉಪ್ಪಿನಕಾಯಿ ಹಚ್ಚಬ್ಯಾಡ."

"ಆಯ್ತು ಮಾರಾಯ, ಹೇಳು."

ನಾನು ಬಿಳಿಯದನ್ನು ಹೊಗಳಿದೆ, ಬೂದು ನಾಯಿಯನ್ನು ಇನ್ನಷ್ಟು ಹೊಗಳಿದೆ. ಕಂದು ನಾಯಿಯನ್ನು ಕಡೆಗೆ ತಂದೆ. "ಇದೇನ್ರಿ ನಾಯಿ! ಒಂದ್ ಕಿವಿ ಊರ ಕಡೆ, ಒಂದ್ ಕಿವಿ ಹೊಲದ ಕಡೆ. ಬಾಲ ನೋಡಿದ್ರ ಹಂದಿ ಬಾಲ. ಇದು ಬೇಟಿ ಆಡೂದು ಅಷ್ಟರಾಗ ಐತಿ." ಸ್ನೇಹಿತ ಒಂದಕ್ಷರ ಬಿಡದೆ ದಾಟಿಸಿದ. ಬಾಬಾ ನಾಯಿಯ ತಲೆ ಸವರುತ್ತಾ ಸುಮ್ಮನೆ ನಕ್ಕ. ನೋಡಿದೆಯಾ, ಮುದುಕನಿಗೆ ತಿಳಿಯಿತು ಅಂದುಕೊಂಡೆ. ಹಾದಿಯುದ್ದಕ್ಕೂ ಸೀಟಿ ಹಾಕುತ್ತಾ ಮನೆಗೆ ಬಂದೆ.

ಹೆಂಡತಿಗೆ ವಿಷಯ ಹೇಳಿದರೆ ಅವಳು ಕೆಂಡವಾದಳು. "ರೀ, ಇಲ್ಲಿ ನಾವ ಕಾಲ ಮಡಚಿ ಮಕ್ಕೊಳ್ಳೂ ಹಂಗ ಐತಿ. ನಾಯಿ ತಂದು ತಲಿ ಮ್ಯಾಲ ಇಟ್ಕೊಂತೀರೇನ?" ಮಗಳು ಮಾತ್ರ, "ಅಪ್ಪಾ, ಕ್ಯಾನ್ ಶಿ ಸ್ಲೀಪ್ ಇನ್ ಮೈ ರೂಮ್?" ಎಂದು ಕುಣಿದಳು. ಆಮೇಲಿನ ಶನಿವಾರಗಳಲ್ಲಿ ನಾನು ಆ ನಾಯಿಗೆ ಇಡದ ಹೆಸರಿಲ್ಲ. ಕಾಲು ಮೇಕೆಯದು, ಬೊಗಳಿದರೆ ಕೆಮ್ಮಿದಂತೆ, ಮುಖ ಸಾಲ ಕೇಳಲು ಬಂದವರದು. ನನ್ನೂರಿನವನಾಗಿದ್ದರೆ ಇಷ್ಟು ಹೊತ್ತಿಗೆ ಮದುವೆ ಹೆಣ್ಣಿನ ಹಾಗೆ ಕುಂಕುಮ ಹಚ್ಚಿ ಕಳಿಸಿಕೊಡುತ್ತಿದ್ದ. ಬಾಬಾ ಪ್ರತಿ ಸಲವೂ ನಕ್ಕು, ನನಗೆ ಇನ್ನೊಂದು ಬಟ್ಟಲು ಕಾಫಿ ಹಾಕಿಸುತ್ತಿದ್ದ. ನನ್ನ ಮೇಲೆ ಅವನ ಪ್ರೀತಿ ಹೆಚ್ಚುತ್ತಾ ಹೋಯಿತು, ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಹೊರಡುವಾಗ ಕಂದು ನಾಯಿ ನನ್ನ ಕಾರಿನ ತನಕ ಬಂದು ನಿಲ್ಲುತ್ತಿತ್ತು. ಯಾರೂ ನೋಡದಾಗ ಅದರ ಕಪ್ಪು ಮೂತಿಯನ್ನು ಕೈಯಲ್ಲಿ ಹಿಡಿದು, ತಡಿ ಅವ್ವಾ, ಇನ್ನ ಸ್ವಲ್ಪ ತಡಿ ಅನ್ನುತ್ತಿದ್ದೆ.

ಸ್ನೇಹಿತನಿಗೂ ನಾನು ಬಾಯಿಬಿಟ್ಟಿರಲಿಲ್ಲ. ಅವನ ಮೂಲಕ ಹೇಳಿಸಿದರೆ ಅದು ಕೇಳಿದಂತೆಯೇ ಆಯಿತಲ್ಲ!

ಕೊನೆಗೆ ಹೆಂಡತಿಯ ಮನಸ್ಸೂ ಕರಗಿತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಜಾಗ ಗುಡಿಸಿ, ಹಳೆಯ ಸೀರೆಯಲ್ಲಿ ಒಂದು ಕೌದಿ ಹೊಲಿದಳು. "ಬರ್ಲಿ ತಗೋರಿ, ನಿಮ್ಮ ಮಾರಿ ಮ್ಯಾಲರ ಸ್ವಲ್ಪ ನಗಿ ಬಂದೀತು" ಅಂದಳು. ಈ ಶನಿವಾರ ಮುದುಕ ತಗೊಂಡು ಹೋಗು ಅಂದೇ ಅನ್ನುತ್ತಾನೆ ಅಂತ ನಾನು ಕಾರಿನ ಹಿಂದಿನ ಸೀಟಿಗೆ ಹಾಳೆ ಹಾಸಿಕೊಂಡು ಹೋದೆ.

ಕಂದು ನಾಯಿ ಅಲ್ಲಿರಲಿಲ್ಲ. ಅದರ ಹಗ್ಗ ಗೂಟದಲ್ಲಿತ್ತು.

ನಾನು ಕೇಳುವ ಮೊದಲೇ ಬಾಬಾ ಏನೋ ಹೇಳಿದ. ಸ್ನೇಹಿತ ದಾಟಿಸಿದ. ಒಮಾನ್ ಗಡಿಯ ಕಡೆಯಿಂದ ಯಾರೋ ಅತಿಥಿ ಬಂದಿದ್ದರಂತೆ. ಕಂದು ನಾಯಿಯ ತಲೆಯ ಮೇಲೆ ಕೈಯಿಟ್ಟು, ಇಂಥ ನಾಯಿಯನ್ನು ನಾನು ಕಂಡೇ ಇಲ್ಲ ಅಂದರಂತೆ. ಬಾಬಾ ಕೊಟ್ಟುಬಿಟ್ಟ.

"ಕೊಟ್ಟನಾ? ಹಂಗ ಹೆಂಗ ಕೊಟ್ಟ?"

"ಇವ್ರಲ್ಲಿ ಹಾಗೇ ಮಾರಾಯ. ಬೇಟೆನಾಯಿ ಮಾರೂದಿಲ್ಲ. ಮನೆಗೆ ಬಂದವ್ರು ಮನಸಾರೆ ಹೊಗಳಿದ್ರೆ ಕೊಟ್ಬಿಡೂದು, ಅದು ಮರ್ಯಾದೆ. ಬೇರೆಯವ್ರು ಕೊಡ್ತಾರೋ ಇಲ್ವೋ, ಇವ್ರಂತೂ ಕೊಡ್ತಾರೆ."

"ಮತ್ತ ನೀ ನನಗ ಯಾಕ ಹೇಳಲಿಲ್ಲ?"

"ಎಂತ ಹೇಳೂದು? ನಿಂಗೆ ಅದನ್ನ ಕಂಡ್ರೆ ಆಗೂದಿಲ್ಲ ಅಂತ ಮಾಡಿದ್ದೆ. ವಾರ ವಾರ ಬೈತಿದ್ದಿ ಅಲ್ವಾ!"

ಭಟ್ಕಳಕ್ಕೂ ಮುಧೋಳಕ್ಕೂ ಎಲ್ಲಿಂದೆಲ್ಲಿಗೆ. ಅವನ ತಪ್ಪೇನೂ ಇರಲಿಲ್ಲ. ಆದರೂ ನಾನು ಅವನ ಮೇಲೆ ಹರಿಹಾಯ್ದೆ. ನಮ್ಮ ಕಡೆಯ ರೀತಿಯನ್ನೆಲ್ಲ ಒದರಿದೆ, ಆ ನಾಯಿ ಬೇಕಿತ್ತು ಅಂತಲೇ ಬೈದದ್ದು, ದೃಷ್ಟಿ ತಾಗಬಾರದು ಅಂತಲೇ ಬೈದದ್ದು ಎಂದು. ಅವನು ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ! ಹೊಗಳಿ ಒಂದು ಮಾಶಾಲ್ಲಾ ಅಂದಿದ್ರೆ ಮುಗೀತಿತ್ತು. ದೃಷ್ಟಿ ಗಿಷ್ಟಿ ಎಲ್ಲ ಖಲಾಸ್."

ನಾವು ಕೂಗಾಡುವುದನ್ನು ನೋಡಿ ಬಾಬಾ ವಿಷಯ ಏನೆಂದು ಕೇಳಿದ. ಸ್ನೇಹಿತ ಮೊದಲಿಂದ ಕೊನೆಯ ತನಕ ಹೇಳಿದ. ಮುದುಕ ತಗ್ಗಿದ ದನಿಯಲ್ಲಿ, ನಡುನಡುವೆ ನಿಲ್ಲಿಸುತ್ತಾ ಮಾತಾಡಿದ. ಸ್ನೇಹಿತ ಸಕ್ಕರೆ ಬೆರೆಸಲಿಲ್ಲ.

"ನಿನ್ನ ಕಾರು ಬಂದಾಗೆಲ್ಲ ಅವ್ರಿಗೆ ಹೆದರಿಕೆ ಆಗ್ತಿತ್ತಂತೆ. ನಾಯಿ ಬಲ್ಲವ ಇವ, ಇವತ್ತು ಹೊಗಳ್ತಾನೆ, ಕೊಡ್ಬೇಕಾಗ್ತದೆ ಅಂತ. ನೀನು ಬೈದ ಕೂಡ್ಲೆ ದೇವ್ರಿಗೆ ಶುಕ್ರಿಯಾ ಹೇಳ್ತಿದ್ರಂತೆ. ಅವ್ರ ಅಪ್ಪನ ಹತ್ರ ಇದ್ದದ್ದೂ ಇಂಥದೇ ಒಂದು ಬೆರಕೆ ನಾಯಿ ಅಂತೆ."

ಬಾಬಾ ಇನ್ನೊಂದು ಮಾತು ಹೇಳಿದ. ಸ್ನೇಹಿತ ಅದನ್ನೂ ದಾಟಿಸಿದ.

"ಒಮಾನ್‌ನವ್ರು ಇನ್ನು ಬರೂದಿಲ್ಲ. ನಿಂಗೆ ಕೊಟ್ಟಿದ್ರೆ ಶನಿವಾರ ಶನಿವಾರ ಜೊತೆಗೆ ಕರ್ಕೊಂಡು ಬರ್ತಿದ್ದಿ, ನಾನೂ ನೋಡ್ತಿದ್ದೆ ಅಂತಾರೆ."

ನನಗೆ ಅಳು ಬಂತು, ತಡೆಯಲಿಲ್ಲ. ಮುದುಕ ನನ್ನ ಮಂಡಿಯ ಮೇಲೆ ಕೈಯಿಟ್ಟು, ಮೂರರಲ್ಲಿ ಯಾವುದು ಒಳ್ಳೆಯದು ಅಂತ ಮತ್ತೆ ಕೇಳಿದ. ಇದಕ್ಕೆ ಅನುವಾದ ಬೇಕಾಗಲಿಲ್ಲ. ಗೂಟದ ಕಡೆ ಕೈ ಮಾಡಿ, "ಅದು, ಬಾಬಾ. ನಂಬರ್ ವಾಹಿದ್, ನಂಬರ್ ಒನ್" ಎಂದೆ. ಅಲ್ಲಿಂದ ಮುಂದೆ ಅರಬ್ಬಿ ಸಾಲದೆ ನಮ್ಮ ಭಾಷೆಯಲ್ಲೇ ಶುರುಮಾಡಿದೆ. ಅದರ ಮೂಗಿನಂಥ ಮೂಗಿಲ್ಲ ಅಂದೆ. ತಿರುವಿನಲ್ಲಿ ಅಡ್ಡ ಬಂದ ಅದರ ಬುದ್ಧಿಯನ್ನು ಹೇಳಿದೆ, ಕಲ್ಲು ನೆಲಕ್ಕೂ ಒಡೆಯದ ಪಾದವನ್ನು ಹೇಳಿದೆ, ಕರೆದಾಗ ತಿರುಗುವ ಆ ಒಂದು ಕಿವಿಯ ಚಂದ ಹೇಳಿದೆ. ಸ್ನೇಹಿತ ಬಾಯಿ ಮುಚ್ಚಿಕೊಂಡು ಕೂತಿದ್ದ. ಬಾಬಾ ಖಾಲಿ ಗೂಟದ ಕಡೆ ನೋಡುತ್ತಾ, ನಾನು ಒಂದೊಂದು ಹೇಳಿದಾಗಲೂ ಮಾಶಾಲ್ಲಾ, ಮಾಶಾಲ್ಲಾ ಅನ್ನುತ್ತಿದ್ದ.