ದಾರ ಪೋಣಿಸುವ ಅಜ್ಜಿಯ ಪದ್ಯ

ಈ ಯುಗಾದಿಗೆ ಭಾಗ್ಯಮ್ಮ ಇಲ್ಲ. ಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಅನ್ನುತ್ತಾರೆ. ಅವಳ ವಿಷಯದಲ್ಲಿ ಅದೂ ಬೇಕಾದಷ್ಟಿದೆ. ಆದರೆ ಹೊಟ್ಟೆಕಿಚ್ಚನ್ನು ಬಿಟ್ಟು ಬರೆದರೆ ಅದು ಭಾಗ್ಯಮ್ಮ ಆಗುವುದಿಲ್ಲ.

ಅತ್ತಿಬೆಲೆಯ ಪಕ್ಕದಲ್ಲಿ ಅವಳ ಗಂಡನ ಮನೆಯವರು ಸೇವಂತಿಗೆ ಬೆಳೆಯುತ್ತಿದ್ದ ನೆಲದ ಮೇಲೆ ಬಾಡಿಗೆ ರೂಮುಗಳು ಎದ್ದಿದ್ದವು. ಅಲ್ಲಿಗೆ ಓನರಮ್ಮ ಅಂದರೆ ಭಾಗ್ಯಮ್ಮ. ಮಗಳು ಶಾಂತಿ ಎಂಟನೇ ಕ್ಲಾಸು. ಮೂಲೆ ರೂಮಿನ ಬಾಡಿಗೆಯವಳು ಮಹಾದೇವಿ, ಗದಗಿನ ಕಡೆಯವಳು. ಫ್ಯಾಕ್ಟರಿಯಲ್ಲಿ ಕೆಲಸ, ರೂಮಿನ ತುಂಬ ಹಳೆಯ ವಾರಪತ್ರಿಕೆಗಳು.

೨೦೧೧ರ ರಾಜ್ಯೋತ್ಸವಕ್ಕೆ ಆನೇಕಲ್ಲಿನಲ್ಲಿ ಮಕ್ಕಳ ಪದ್ಯ ಹೇಳುವ ಸ್ಪರ್ಧೆ ಇತ್ತು. ಭಾಗ್ಯಮ್ಮ ಮಗಳಿಗೆ ನಾಡಿನ ಮೇಲಿನ ಪದ್ಯವೊಂದನ್ನು ಆರಿಸಿಟ್ಟಳು. ತಾನು ಚಿಕ್ಕವಳಿದ್ದಾಗ ಕೈ ಎತ್ತಿ ಗುಡುಗಿ, ಚಪ್ಪಾಳೆ ಗಿಟ್ಟಿಸಿದ್ದ ಪದ್ಯ.

“ಎಲ್ರೂ ಇಂಥದ್ದೇ ಕೂಗ್ತಾರಮ್ಮ,” ಎಂದಳು ಶಾಂತಿ. “ಮಹಾದೇವಕ್ಕ ಬೇರೆ ಕೊಟ್ಟವ್ರೆ. ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸೋದು.”

“ಸೂಜಿ ದಾರಕ್ಕೆ ಯಾವೋನೇ ಪ್ರೈಜ್ ಕೊಡೋನು?”

ಶಾಂತಿ ಸೀದಾ ಮೂಲೆ ರೂಮಿಗೆ ಹೋದಳು. ಮರುದಿನವೂ ಹೋದಳು. ಬರಬರುತ್ತಾ ಅವಳ ಜಡೆಯೂ ಮಹಾದೇವಿಯ ಜಡೆಯಂತಾಯಿತು. ಒಂದು ದಿನ ಅಡುಗೆಮನೆಯಲ್ಲಿ “ಸ್ವಲ್ಪ ನಿಂದ್ರಮ್ಮ” ಅಂದುಬಿಟ್ಟಳು.

“ನಿಂದ್ರು ಗಿಂದ್ರು ಎಲ್ಲಾ ಅಲ್ಲೇ ಇಟ್ಕೊ. ನಮ್ಮನೇಲಿ ನಿಂತ್ಕೊ ಅಂತಾರೆ,” ಎಂದಳು ಭಾಗ್ಯಮ್ಮ. ಮಗಳು ನಕ್ಕಳು. ಆ ನಗು ಭಾಗ್ಯಮ್ಮನಿಗೆ ಎಷ್ಟೋ ಹೊತ್ತು ಉರಿಯಿತು.

ಬೋರಿನ ಮೋಟರಿನ ಸ್ವಿಚ್ಚು ಇದ್ದದ್ದು ಅವಳ ಅಡುಗೆಮನೆಯಲ್ಲಿ. ಬೆಳಿಗ್ಗೆ ಬಿಡುತ್ತಿದ್ದ ನೀರನ್ನು ಅವಳು ಸಂಜೆಗೆ ಬದಲಾಯಿಸಿದಳು, ಕರೆಂಟಿನ ನೆಪ ಹೇಳಿ. ಸಂಜೆಯೆಲ್ಲ ಡ್ರಮ್ಮು ತುಂಬಿಸುವ ಮಹಾದೇವಿಗೆ ಪದ್ಯ ಕಲಿಸಲು ಪುರುಸೊತ್ತೆಲ್ಲಿ? ಆದರೆ ಶಾಂತಿ ತಾನೂ ಒಂದು ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಹೋಗಿ ನಿಂತಳು. ಬಿಂದಿಗೆ ತುಂಬುವುದರೊಳಗೆ ಒಂದೇ ಉಸಿರಿಗೆ ಪದ್ಯ ಮುಗಿಸುವುದು ಒಂದು ಆಟವಾಯಿತು. ಸಾಲಿನಲ್ಲಿದ್ದ ಹೆಂಗಸರು, “ಇನ್ನೊಂದ್ ಕಿತ ಹೇಳಮ್ಮಿ, ನನ್ ಕೊಡ ದೊಡ್ಡದು,” ಎಂದು ರೇಗಿಸಿದರು. ಕಿಟಕಿಯ ಹಿಂದೆ ನಿಂತ ಭಾಗ್ಯಮ್ಮನಿಗೆ ಬೇಡವೆಂದರೂ ಪದ್ಯವೆಲ್ಲ ಬಾಯಿಗೆ ಬಂತು.

ನೀರು ಹಿಡಿದಾದ ಮೇಲೆ ಅವರಿಬ್ಬರೂ ತಾರಸಿಗೆ ಹೋಗಿ, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತಡೆಯಬೇಕು ಎಂದು ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೆ ಭಾಗ್ಯಮ್ಮ ಹತ್ತಲಿಲ್ಲ. ತನ್ನ ಮನೆಯ ತಾರಸಿಗೆ ತಾನು ಯಾರೂ ಕರೆಯದೆ ಹೋಗಬೇಕೇ ಎಂಬ ಬಿಂಕ.

ಸ್ಪರ್ಧೆಯ ದಿನ ಮಹಾದೇವಿಗೆ ಶಿಫ್ಟು. ಭಾಗ್ಯಮ್ಮ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತಳು. ಇವತ್ತು ಮಗಳು ಪೂರ್ತಿ ತನ್ನವಳು.

ಶಾಂತಿ ಮೆಲ್ಲಗೆ ಶುರು ಮಾಡಿದಳು. ಪದ್ಯದ ಅಜ್ಜಿ ದಾರದ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ತಂದಳು. ಅಲ್ಲಿಗೆ ಶಾಂತಿ ನಿಂತೇಬಿಟ್ಟಳು. ಎರಡು ಬೆರಳು ಗಾಳಿಯಲ್ಲಿ, ಸಭೆ ಗಪ್‌ಚಿಪ್. ನಲ್ಲಿಯ ಹತ್ತಿರ ಹೇಳುವಾಗ ಈ ಸಾಲಿನಲ್ಲಿ ಅವಳು ಎಂದೂ ತಡೆದವಳಲ್ಲ. ಮರೆತಳು, ಆ ಗದಗಿನವಳು ಮಗಳ ಮಾನ ಕಳೆದಳು, ಎಂದುಕೊಂಡ ಭಾಗ್ಯಮ್ಮ ಎದ್ದು ನಿಂತು ಮುಂದಿನ ಸಾಲನ್ನು ಗಟ್ಟಿಯಾಗಿ ಕೂಗಿ ಹೇಳಿದಳು.

ಸಭೆ ಗೊಳ್ಳೆಂದು ನಕ್ಕಿತು. ಶಾಂತಿ ಉಳಿದದ್ದನ್ನು ಹೇಗೋ ಹೇಳಿ ಕೆಳಗಿಳಿದಳು. ಬಹುಮಾನ ಇನ್ಯಾರಿಗೋ ಹೋಯಿತು.

ಬಸ್‌ಸ್ಟಾಪಿನಲ್ಲಿ ಶಾಂತಿ ಮುಖ ಅತ್ತ ತಿರುಗಿಸಿಕೊಂಡೇ ಹೇಳಿದಳು, “ಮರ್ತಿರ್ಲಿಲ್ಲ. ಅಜ್ಜಿಗೆ ಕಣ್ಣು ಮಂಜು, ದಾರ ಒಳಗೆ ಹೋಗೋಗಂಟ ಕಾಯ್ಬೇಕು. ಅದಕ್ಕೇ ನಿಂತಿದ್ದೆ.” ಆಮೇಲೆ, “ನಿಂಗೆಂಗಮ್ಮ ಬಂತು ಪದ್ಯ?”

“ನಂಗೂ ಕಿವಿ ಅವೆ ಕಣೆ,” ಎಂದಳು ಭಾಗ್ಯಮ್ಮ.

ಗೇಟಿನ ಹತ್ತಿರ ಮಹಾದೇವಿ ಯೂನಿಫಾರ್ಮಿನಲ್ಲೇ ಕಾಯುತ್ತಿದ್ದಳು. “ಏನಾತ ಶಾಂತಿ?”

ಈಗ ಎಲ್ಲ ಹೇಳುತ್ತಾಳೆ, ಇಬ್ಬರೂ ಸೇರಿ ನನ್ನನ್ನು ನೋಡುತ್ತಾರೆ, ಎಂದು ಭಾಗ್ಯಮ್ಮ ಸೆರಗು ಬಿಗಿಹಿಡಿದಳು.

“ಮಧ್ಯದಲ್ಲಿ ಮರ್ತೋಯ್ತಕ್ಕ,” ಎಂದಳು ಶಾಂತಿ.

“ಭಾಳ ಹೊತ್ತು ನಿಂದ್ರಸಿದ್ನೇನೋ. ತಪ್ಪು ನಂದ ಬಿಡವಾ,” ಎಂದು ಮಹಾದೇವಿ ಅವಳ ತಲೆ ಸವರಿದಳು.

ನಿಜ ಹೇಳಲು ಭಾಗ್ಯಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಹೊಳೆಯಿತು: ದಿನಾ ಆ ಮೂಲೆ ರೂಮಿಗೆ ಎಲ್ಲವನ್ನೂ ಒಪ್ಪಿಸುತ್ತಿದ್ದ ಮಗಳು ಇದೊಂದನ್ನು ಒಪ್ಪಿಸಲಿಲ್ಲ. ಪಾಪ ಅನ್ನಿಸುವಷ್ಟು ಮಹಾದೇವಿಯ ಮುಖ ಬಾಡಿತ್ತು. ಆದರೂ ಭಾಗ್ಯಮ್ಮ ಬಾಯಿ ಮುಚ್ಚಿಕೊಂಡಳು. ಮಗಳ ಕೈ ಹಿಡಿದು, “ಬಾ, ಉಣ್ಣೀವಂತೆ,” ಎಂದು ಒಳಗೆ ಕರೆದುಕೊಂಡು ಹೋದಳು.