ಫ್ರಿಜ್‌ಗೆ ವಯಸ್ಸಾಯ್ತು ಅಂದವರು ಯಾರು?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಫ್ರಿಜ್ ತಾನಾಗಿ ಸಾಯಲಿಲ್ಲ. ಅದರ ಕೊಲೆಯಾಯಿತು. ಆಯುಧ, ಕುರ್ಪಿ. ಹೌದು, ಹೊಲದಲ್ಲಿ ಕೂತು ಕಳೆ ತೆಗೆಯುತ್ತೇವಲ್ಲ, ಅದೇ ಕುರ್ಪಿ. ಆರೋಪಿ, ನಮ್ಮ ಮನೆಯವರು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಕುಂದಗೋಳದ ಪೇಟೆಯಲ್ಲಿ ಅವರದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಅಲ್ಲಿಂದ ಊಟಕ್ಕೆ ಬಂದವರು ತಣ್ಣೀರಿಗೆಂದು ಫ್ರೀಜರ್ ತೆಗೆದರು. ಬಾಟಲಿ ಐಸಿನಲ್ಲಿ ಕುತ್ತಿಗೆಯವರೆಗೆ ಹೂತುಹೋಗಿತ್ತು. ಎಳೆದರು, ಬರಲಿಲ್ಲ. ಬೈದರು, ಆಗಲೂ ಬರಲಿಲ್ಲ. ಅಂಗಡಿಗೆ ಹೊಸದಾಗಿ ಬಂದಿದ್ದ ಕುರ್ಪಿಯೊಂದು ಗಾಡಿಯ ಚೀಲದಲ್ಲೇ ಇತ್ತು. ತಂದು ಕೆತ್ತತೊಡಗಿದರು.

ಇದು ಅವರೊಬ್ಬರ ತಪ್ಪಲ್ಲ ಬಿಡಿ. ಫ್ರೀಜರಿನಲ್ಲಿ ಐಸ್ ಎಷ್ಟು ದಪ್ಪ ಕಟ್ಟುತ್ತದೋ ಫ್ರಿಜ್ ಅಷ್ಟು ಗಟ್ಟಿ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಐಸ್ ಕರಗಿಸಲೆಂದೇ ಕಂಪನಿಯವರು ಒಂದು ಗುಂಡಿ ಇಟ್ಟಿರುತ್ತಾರೆ. ಅದನ್ನು ಒತ್ತುವುದೆಂದರೆ ಕೂಡಿಟ್ಟಿದ್ದನ್ನು ನೀರು ಮಾಡಿದಷ್ಟು ಸಂಕಟ ನಮಗೆ. (ನಮ್ಮ ಅತ್ತೆ ಬದುಕಿರುವ ತನಕ ಆ ಗುಂಡಿ ಮುಟ್ಟಲು ಯಾರಿಗೂ ಬಿಡಲಿಲ್ಲ. ಕರೆಂಟ್ ಹೋದಾಗ ಆ ಐಸೇ ಕಾಯುತ್ತದೆ ಅನ್ನುತ್ತಿದ್ದರು.) ಹಾಗಾಗಿ ಐಸ್ ಬೆಳೆಯುತ್ತದೆ. ಬಾಗಿಲು ಮುಚ್ಚದಂತಾದಾಗ ಕೆತ್ತುತ್ತೇವೆ. ಹೊಲ ಹದ ಮಾಡುವವರ ಕೈಗೆ ಕುರ್ಪಿ ಬಿಟ್ಟು ಬೇರೇನು ಹೊಳೆದೀತು?

ಎರಡೇ ಏಟು. ಸುಂಯ್ ಅಂತು. ಸೈಕಲ್ ಟ್ಯೂಬಿನ ಗಾಳಿ ಹೋದಂತೆ ಒಂದಿಷ್ಟು ಹೊತ್ತು ಸುಂಯ್ ಅಂತಲೇ ಇತ್ತು. ಆಮೇಲೆ ಸುಮ್ಮನಾಯಿತು.

ನಮ್ಮವರು ಕುರ್ಪಿ ಹಿಡಿದುಕೊಂಡೇ ತಿರುಗಿ ನಿಂತು, "ಹೋಗ್ಲಿ ಬಿಡು, ಇದರ ಆಯುಷ್ಯ ಮುಗದಿತ್ತು," ಅಂದರು.

"ಮುಗಿದಿದ್ದಿಲ್ಲರಿ, ನೀವು ಮುಗಿಸಿದ್ರಿ," ಅಂದೆ.

ಈ ಆಯುಷ್ಯದ ಮಾತು ಅವತ್ತಿಂದಲ್ಲ. ವರ್ಷದಿಂದ ನಡೆದಿತ್ತು. ಮಗಳು ಹುಟ್ಟಿದ ವರ್ಷ ಬಂದ ಫ್ರಿಜ್ ಅದು. ಮಗಳು ಈಗ ಪಿಯುಸಿ. ಫ್ರಿಜ್‌ಗೆ ಹತ್ತು ವರ್ಷ, ಹೆಚ್ಚೆಂದರೆ ಹನ್ನೆರಡು, ಅದಾದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ ಅಂತ ಯಾವುದೋ ವಿಡಿಯೊದಲ್ಲಿ ಯಾರೋ ಹೇಳಿದ್ದನ್ನು ನಮ್ಮವರು ಬಾಯಿಪಾಠ ಮಾಡಿದ್ದರು. ಅಸಲಿ ಕಾರಣ ಬೇರೆ ಇತ್ತು. ನಮ್ಮೂರ ಬಹುಪಾಲು ಮನೆಗಳಂತೆ ನಮ್ಮ ಫ್ರಿಜ್ ಕೂಡ ಅಡುಗೆಮನೆಯಲ್ಲಿಲ್ಲ, ಪಡಸಾಲೆಯಲ್ಲಿದೆ. ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅದು. ಅದರ ತಲೆಗೊಂದು ಕಸೂತಿಯ ಬಟ್ಟೆ, ಮೇಲೆ ಪ್ಲಾಸ್ಟಿಕ್ ಹೂವು, ಮಗಳು ಶಾಲೆಯಲ್ಲಿ ಗೆದ್ದ ಕಪ್ಪು. ಕಾಲಿನ ಹತ್ತಿರ ಮಾತ್ರ ತುಕ್ಕು. ಆ ತುಕ್ಕು ನಮ್ಮವರ ಮರ್ಯಾದೆಗೆ ಚುಚ್ಚುತ್ತಿತ್ತು. ಆ ಜಾಗದಲ್ಲಿ ಅವರಿಗೆ ಡಬಲ್ ಡೋರ್ ಬೇಕಿತ್ತು.

ನಾನು ಒಪ್ಪಲಿಲ್ಲ. ಯಾಕೆ ಒಪ್ಪಬೇಕು? ಅವರ ಬೈಕು ಫ್ರಿಜ್‌ಗಿಂತ ಹಿರಿಯದು. ಅದಕ್ಕೆ ಆಯುಷ್ಯ ಮುಗಿಯುವುದಿಲ್ಲ, ಅದು "ಅಗದಿ ಗಟ್ಟಿ ಗಾಡಿ". ಗಂಡಸರ ಕೈಯಲ್ಲಿರುವ ವಸ್ತುವಿಗೆ ವಯಸ್ಸಾದರೆ ಅದು ಅನುಭವ, ಹೆಂಗಸರ ಕೈಯಲ್ಲಿರುವುದಕ್ಕೆ ವಯಸ್ಸಾದರೆ ಗುಜರಿ. ಇದು ಯಾವ ನ್ಯಾಯ? ಫ್ರಿಜ್ ದಿನಕ್ಕೆ ಹತ್ತು ಸಲ ತೆಗೆಯುವವಳು ನಾನು. ಒರೆಸುವವಳು ನಾನು. ಅದರ ಮೋಟಾರ್ ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಒಲೆಯ ಮುಂದೆ ನಿಂತೇ ಹೇಳಬಲ್ಲೆ.

ಫ್ರಿಜ್ ಯಾವಾಗ ಬದಲಿಸಬೇಕು ಅಂತ ನನ್ನನ್ನು ಕೇಳಿ. ಮೋಟಾರ್ ಉಸಿರು ಬಿಡದೆ ಹಗಲೆಲ್ಲ ಓಡತೊಡಗಿದರೆ. ಬಾಗಿಲಿಗೆ ಹೊಸ ರಬ್ಬರ್ ಹಾಕಿಸಿದ ಮೇಲೂ ಹೊರಮೈ ಬೆವರುತ್ತಿದ್ದರೆ. ಕಾಯಿಸಿ ಆರಿಸಿಟ್ಟ ಹಾಲು ಬೆಳಗ್ಗೆ ಒಡೆದರೆ. ರಿಪೇರಿಯವನು ಮನೆಯ ನೆಂಟನಾಗಿಬಿಟ್ಟರೆ. ಇದರಲ್ಲಿ ಒಂದೂ ನಮ್ಮ ಫ್ರಿಜ್‌ಗೆ ಆಗಿರಲಿಲ್ಲ. ಬೆಣ್ಣೆ ಗಟ್ಟಿಯಿತ್ತು, ಮೆಣಸಿನಕಾಯಿ ಅರೆದಿಟ್ಟ ರಂಜಕ ಕೆಂಪಗಿತ್ತು, ಸೋಮವಾರದ ಪೂಜೆಯ ಮಲ್ಲಿಗೆ ಬುಧವಾರದವರೆಗೂ ನಗುತ್ತಿತ್ತು. ಹುಟ್ಟಿದ ವರ್ಷ ನೋಡಿ ಹೊರಗೆ ಹಾಕುವುದಾದರೆ ನಮ್ಮಿಬ್ಬರನ್ನೂ ಮೊದಲು ಹಾಕಬೇಕಾಗುತ್ತದೆ ಅಂತ ಮನೆಯವರಿಗೆ ಹೇಳಿದ್ದೆ. ಅವರು ಪೇಪರ್ ಅಡ್ಡ ಹಿಡಿದಿದ್ದರು.

ಈಗ ಕುರ್ಪಿಯ ಮಧ್ಯಾಹ್ನಕ್ಕೆ ಬರೋಣ. ಸುಂಯ್ ನಿಂತಾಗ ನನ್ನ ಕೈ ಹೋದದ್ದು ಹಾಲಿಗಲ್ಲ, ಬೆಣ್ಣೆಗಲ್ಲ. ನಡುವಿನ ಅರೆಯಲ್ಲಿ, ಮೊಸರಿನ ಪಾತ್ರೆಯ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದಕ್ಕೆ ಹಸಿರು ಮುಚ್ಚಳ. ಅದರಲ್ಲಿ ಜೈನಾಬಿ ಚಾಚಿಯ ಇನ್ಸುಲಿನ್.

ಚಾಚಿ ನಮ್ಮ ಬಾಜು ಮನೆಯವರು. ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಾರೆ. ಅವರ ತಗಡಿನ ಮನೆಗೆ ಫ್ರಿಜ್ ಇಲ್ಲ. ಸಕ್ಕರೆ ಕಾಯಿಲೆಗೆ ಸೂಜಿ ಶುರುವಾದಾಗಿನಿಂದ ಆ ಡಬ್ಬಿ ನಮ್ಮಲ್ಲೇ. ಬೆಳಗ್ಗೆ ಬಾಗಿಲಲ್ಲಿ ನಿಂತು ಗಿರಿಜವ್ವ ಅನ್ನುತ್ತಾರೆ, ನಾನು ಕೊಡುತ್ತೇನೆ, ಸೂಜಿ ಮಾಡಿಕೊಂಡು ವಾಪಸ್ ತಂದುಕೊಡುತ್ತಾರೆ. ಸಂಜೆ ಮತ್ತೆ ಅದೇ. ಈ ಹೊತ್ತಿನವರೆಗೆ ಅವರಾಗಿ ಒಳಗೆ ಬಂದು ಬಾಗಿಲು ತೆಗೆದವರಲ್ಲ. ತೆಗೀರಿ ಚಾಚಿ ಅಂದರೂ ತೆಗೆಯುವುದಿಲ್ಲ.

ಹೊರಗೆ ಕಾದ ಹಂಚಿನಂಥ ಬಿಸಿಲು. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ನೀರಾಗಿ ಕೂತಿತ್ತು. ಆ ಔಷಧ ಬಿಸಿಲಿಗೆ ಕೆಟ್ಟರೆ ಬಣ್ಣ ಬದಲಾಗಲೇಬೇಕೆಂದಿಲ್ಲ, ವಾಸನೆ ಬರುವುದಿಲ್ಲ. ಸುಮ್ಮನೆ ಶಕ್ತಿ ಕಳೆದುಕೊಳ್ಳುತ್ತದೆ. ಚುಚ್ಚಿಕೊಂಡವರಿಗೆ ಗೊತ್ತೂ ಆಗುವುದಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ನೀರಿನ ಮಣ್ಣಿನ ಗಡಿಗೆಯ ಪಕ್ಕ ಇನ್ನೊಂದು ಗಡಿಗೆ ಇಟ್ಟು, ಹಸಿ ಉಸುಕು ತುಂಬಿ, ಡಬ್ಬಿಯನ್ನು ನೀರು ಹೋಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅದರೊಳಗೆ ಹೂತೆ. ಮೇಲೆ ಒದ್ದೆ ಬಟ್ಟೆ. ಸಂಜೆ ಮೆಡಿಕಲ್ ಶಾಪಿನವರನ್ನು ಕೇಳಿದೆ. ಎರಡು ದಿನದ ಮಟ್ಟಿಗೆ ತಮ್ಮ ಫ್ರಿಜ್‌ನಲ್ಲಿ ಇಟ್ಟುಕೊಂಡರು.

ಆ ಎರಡು ದಿನದಲ್ಲಿ ಹುಬ್ಬಳ್ಳಿಯಿಂದ ರಿಪೇರಿಯವನು ಬಂದು ತೂತು ಮುಚ್ಚಿ ಗ್ಯಾಸ್ ತುಂಬಿಸಿಕೊಟ್ಟ. ಫ್ರಿಜ್ ಮತ್ತೆ ಗುಂಯ್ ಅಂತು, ಚಾಚಿಯ ಡಬ್ಬಿ ಅದರ ಜಾಗಕ್ಕೆ ಮರಳಿತು. ನಾನು ಗೆದ್ದೆ. ನಮ್ಮವರ ಮುಂದೆ ಎರಡು ಸಲ ಅನವಶ್ಯಕವಾಗಿ ಬಾಗಿಲು ತೆಗೆದು ಮುಚ್ಚಿದೆ. (ಇಷ್ಟು ಸಣ್ಣ ಸುಖವೂ ಬೇಡವೇ?)

ಆದರೆ ಗೆಲುವು ಬಹಳ ದಿನ ಬಾಳಲಿಲ್ಲ. ಮುಂದಿನ ತಪಾಸಣೆಯಲ್ಲಿ ಚಾಚಿಯ ಶುಗರ್ ಏರಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಔಷಧ ಎಲ್ಲಿಡುತ್ತೀರಿ ಅಂತ. ಚಾಚಿ ಅದನ್ನು ನನಗೆ ಹೇಳಿದ್ದು ದೂರಿನ ಧಾಟಿಯಲ್ಲಲ್ಲ, ತಮ್ಮದೇ ತಪ್ಪು ಅನ್ನುವಂತೆ. ಮಾವಿನಹಣ್ಣು ತಿಂದದ್ದಕ್ಕಿರಬೇಕು ಬಿಡು ಅಂದರು. ಫ್ರಿಜ್ ಕಾರಣವೋ ಮಾವಿನಹಣ್ಣು ಕಾರಣವೋ ಡಾಕ್ಟರರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಅವತ್ತು ಫ್ರಿಜ್‌ನಲ್ಲಿ ಕೈಯಿಟ್ಟು ಸುಮಾರು ಹೊತ್ತು ನಿಂತೆ. ಕೆಳಗಿನ ತರಕಾರಿ ತಣ್ಣಗಿತ್ತು. ನಡುವಿನ ಅರೆಯ ಬೆಣ್ಣೆಗೆ ಬೆರಳು ಒತ್ತಿದರೆ ಮೆತ್ತಗೆ ಒಳಗೆ ಇಳಿಯಿತು.



ವರ್ಷವಿಡೀ ವಾದ ಮಾಡಿದವಳು ಒಂದೇ ನಿಮಿಷದಲ್ಲಿ ತೀರ್ಮಾನ ಮಾಡಿದೆ. ಫ್ರಿಜ್ ಬದಲಿಸಬೇಕು. ಎಷ್ಟು ವರ್ಷ ಆಯಿತು ಅನ್ನುವುದು ಪ್ರಶ್ನೆಯೇ ಅಲ್ಲ, ಒಳಗೆ ಏನಿಡುತ್ತೇವೆ ಅನ್ನುವುದು ಪ್ರಶ್ನೆ. ಕೊತ್ತಂಬರಿಗೆ, ರಂಜಕಕ್ಕೆ ಆ ಫ್ರಿಜ್ ಇನ್ನೂ ಐದು ವರ್ಷ ಸಾಕಿತ್ತು. ಚಾಚಿಯ ಔಷಧಕ್ಕೆ ಒಂದು ದಿನವೂ ಸಾಲದು. ಮೆತ್ತಗಾದ ಬೆಣ್ಣೆ ಕಾಯಿಸಿ ತುಪ್ಪ ಮಾಡಬಹುದು. ಕೆಟ್ಟ ಇನ್ಸುಲಿನ್ ಏನು ಮಾಡುತ್ತೀರಿ?

ನಮ್ಮವರಿಗೆ ಹಬ್ಬ. ನಾ ಮೊದಲೇ ಹೇಳಿದ್ದೆ ಅಂತ ಶುರು ಮಾಡಿದರು. ನೀವು ಹೇಳಿದ್ದು ತುಕ್ಕಿನ ಸಲುವಾಗಿ, ನಾನು ಹೇಳುತ್ತಿರುವುದು ಮನುಷ್ಯರ ಸಲುವಾಗಿ, ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅಂದೆ. ಕುರ್ಪಿಯ ಕೇಸು ಇನ್ನೂ ಮುಗಿದಿಲ್ಲ ಅಂತಲೂ ನೆನಪಿಸಿದೆ.

ಅದೇ ದಿನ ಅಣ್ಣಿಗೇರಿಯಿಂದ ನನ್ನ ದೊಡ್ಡ ನಾದಿನಿ ಬಂದರು. ನಮ್ಮವರ ಅಕ್ಕ. ನಾನು ಅವರನ್ನು ಅಕ್ಕಾರ ಅನ್ನುತ್ತೇನೆ. ಅವರ ಮಾತಿಗೆ ಈ ಮನೆಯಲ್ಲಿ ಯಾವತ್ತೂ ತೂಕ ಜಾಸ್ತಿ. ವಿಷಯ ತಿಳಿದು, ಚಹಾದ ಬಸಿ ಕೆಳಗಿಟ್ಟು, ಮೆತ್ತಗೇ ಕೇಳಿದರು. "ಮಂದಿ ಔಷಧದ ಸಲುವಾಗಿ ಯಾರರ ಫ್ರಿಜ್ ಬದಲಿ ಮಾಡ್ತಾರೇನ ಗಿರಿಜಾ?"

ಅದರ ಹಿಂದೆ ಇನ್ನೊಂದು ಮಾತಿತ್ತು. ಅದನ್ನೂ ಬಾಯಿಬಿಟ್ಟು ಹೇಳಿದರು. ಪೂಜೆಯ ಹೂವು, ನೈವೇದ್ಯದ ಹಾಲು ಇಡುವ ಜಾಗ ಅದು, ಅಲ್ಲಿ ಅವರ ಡಬ್ಬಿ ಯಾಕೆ, ಇಷ್ಟು ದಿನ ನಡೆದದ್ದು ನಡೆಯಿತು, ಹೊಸದರಲ್ಲಾದರೂ ಬೇಡ ಅಂತ. ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ಅವರಿಗೆ ಇಂಥ ಹೊತ್ತಿನಲ್ಲಿ ಅಂಗಡಿ ಬಹಳ ನೆನಪಾಗುತ್ತದೆ.

ನನಗೆ ಸಿಟ್ಟು ಬಂತು. ಮಗಳು ಹುಟ್ಟಿದಾಗ ಬಾಣಂತನದ ಕೌದಿ ಹೊಲಿದುಕೊಟ್ಟವರು ಚಾಚಿ. ಆ ಕೌದಿಯ ಮೇಲೆ ಮಲಗಿಸಿದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮುದ್ದಾಡಿದವರು ಇದೇ ಅಕ್ಕನವರು. ಕೌದಿಗಿಲ್ಲದ ಮೈಲಿಗೆ ಗಾಜಿನ ಶೀಸೆಗೆ ಎಲ್ಲಿಂದ ಬಂತು?

ಗೋಡೆಗೆ ಕಿವಿ ಇರುತ್ತದೋ ಇಲ್ಲವೋ, ತಗಡಿಗಂತೂ ಇರುತ್ತದೆ. ಸಂಜೆ ಚಾಚಿ ಡಬ್ಬಿ ಒಯ್ಯಲು ಬಂದವರು ವಾಪಸ್ ತರುವುದಿಲ್ಲ ಅಂದರು. "ನನ್ನ ಸಲುವಾಗಿ ನಿನ್ನ ಮನ್ಯಾಗ ಜಗಳ ಬ್ಯಾಡ ಬೇ ಗಿರಿಜವ್ವ. ಗಡಿಗ್ಯಾಗ ಇಡ್ತೀನಿ. ಹೆಂಗೂ ನಡೀತೈತಿ."

"ನಡಿಯೂದಿಲ್ಲ ಚಾಚಿ," ಅಂದೆ. ಡಬ್ಬಿ ಕೈಯಿಂದ ಇಸಿದುಕೊಂಡೆ. ಅವರ ಕಣ್ಣು ತುಂಬಿದ್ದು ಕಂಡಿತು. ನನ್ನದೂ ತುಂಬಿತ್ತು, ಆದರೆ ನಾನು ಸಿಟ್ಟಿನಲ್ಲಿದ್ದೆ, ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಹಳೆ ಶೀಸೆ ಎಸೆದು ಹೊಸದು ಹಾಕಿಸಿದ ಆ ಡಬ್ಬಿ, ಹೊಸ ಫ್ರಿಜ್ ಬರುವ ತನಕ ಮತ್ತೆ ಮೆಡಿಕಲ್ ಶಾಪಿನಲ್ಲಿ. ತರುವ ಕೊಡುವ ಓಡಾಟ ನನ್ನದು.

ಎರಡನೇ ದಿನವೇ ನಮ್ಮವರನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಷೋರೂಮಿನ ಹುಡುಗಿ ಮಾತಾಡಿದ್ದೆಲ್ಲ ಅವರೊಂದಿಗೇ. ಸರ್, ಈ ಕಲರ್ ನೋಡಿ, ಸರ್, ಈ ಹೂವಿನ ಡಿಸೈನ್ ನೋಡಿ. ಸರ್ ಎಲ್ಲವನ್ನೂ ನೋಡಿದರು. ನಾನು ಮೂರನ್ನೇ ಕೇಳಿದೆ. ಕರೆಂಟ್ ಹೋದರೆ ಎಷ್ಟು ಹೊತ್ತು ತಂಪು ಹಿಡಿಯುತ್ತದೆ? ನಡುವಿನ ಅರೆ ಒಂದೇ ಸಮ ತಣ್ಣಗಿರುತ್ತದೋ? ಐಸ್ ಕಟ್ಟುತ್ತದೋ? ಐಸೇ ಕಟ್ಟದಂಥದ್ದು ಬೇಕೆಂದರೆ ಡಬಲ್ ಡೋರ್ ಆಗಬೇಕು ಅಂದಳು. ಹಾಗಾಗಿ ನಮ್ಮವರಿಗೆ ಬೇಕಾಗಿದ್ದ ಡಬಲ್ ಡೋರೇ ಮನೆಗೆ ಬಂತು. ಅವರ ಮರ್ಯಾದೆಗಲ್ಲ, ಅವರ ಕುರ್ಪಿಗೆ ಹೆದರಿ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಲಿಲ್ಲ. ಈಗ ಹಿತ್ತಲ ಕೋಣೆಯಲ್ಲಿ ಪ್ಲಗ್ ಇಲ್ಲದೆ ನಿಂತಿದೆ. ವರ್ಷದ ಖಾರಪುಡಿ, ಬೀಜದ ಶೇಂಗಾ ಅದರೊಳಗೆ. ಇಲಿ ಬಾಯಿ ಹಾಕದ ಇಷ್ಟು ಒಳ್ಳೆಯ ಕಪಾಟು ಎಲ್ಲಿ ಸಿಗುತ್ತದೆ ಹೇಳಿ.

ಹೊಸದಕ್ಕೆ ಪೂಜೆ ಆಗಬೇಕಲ್ಲ. ಬಾಗಿಲಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಾಯಿ ಒಡೆದಾಯಿತು. ಒಳಗೆ ಮೊದಲು ಹಾಲು ಇಡುವುದು ನಮ್ಮಲ್ಲಿ ಪದ್ಧತಿ. ಮನೆಯ ಹಿರಿಯ ಮಗಳ ಕೈಯಿಂದ. ಅಕ್ಕನವರು ಹಾಲಿನ ಬಟ್ಟಲು ಹಿಡಿದು ಮುಂದೆ ಬಂದರು.

ಒಂದು ನಿಮಿಷ ತಡೀರಿ ಅಂದೆ. ಹೊರಗೆ ಹೋಗಿ ಚಾಚಿಯನ್ನು ಕೈಹಿಡಿದು ಕರೆದುಕೊಂಡು ಬಂದೆ. ಬೆಳಗ್ಗೆಯೇ ಮೆಡಿಕಲ್ ಶಾಪಿನಿಂದ ತಂದಿದ್ದ ಡಬ್ಬಿ ಅವರ ಕೈಗೆ ಕೊಟ್ಟೆ. ಅವರು ಹೊಸ್ತಿಲಲ್ಲೇ ಕಾಲು ತಡೆದು ನಿಂತರು. ಮೊದಲು ಹಾಲು ಇಡಲಿ ಅಂದರು.

"ಹಾಲು ಕೆಟ್ರ ಒಂದ್ ಹೊತ್ತು ಚಾ ಇಲ್ಲ, ಅಷ್ಟ. ನೀವು ಇಡ್ರಿ ಚಾಚಿ."

ನಮ್ಮವರು ಈ ಸಲ ಅಂಗಡಿಗೆ ಹೋಗಲಿಲ್ಲ.  ತಾವೇ ಹೋಗಿ ಫ್ರಿಜ್ ಬಾಗಿಲು ತೆಗೆದು ಹಿಡಿದು ನಿಂತರು. ಒಳಗಿನ ಲೈಟು ಹತ್ತಿತು. ಚಾಚಿ ಸೆರಗಿನಿಂದ ಡಬ್ಬಿಯ ತಳ ಒರೆಸಿ, ನಡುವಿನ ಅರೆಯಲ್ಲಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಅಕ್ಕನವರ ಕಡೆ ತಿರುಗಿ ಹೇಳಿದೆ. "ಈಗ ನಿಮ್ಮದು ಇಡ್ರಿ ಅಕ್ಕಾರ, ಜಾಗಾ ಭಾಳ ಐತಿ."